ಹೊಚ್ಚಹೊಸ ಹಳೇ ಬ್ಯಾಟರಿ

ಬೆಳ್ಳಮ್ಮನಿಗೆ ಒಂದು ಬಕೆಟ್ಟು ಬೇಕಾಗಿತ್ತು. ಆ ಭಾನುವಾರದ ಅಷ್ಟೂ ಫಜೀತಿಗೆ ಮೂಲ ಇಷ್ಟೇ.

ಹೊಳೆನರಸೀಪುರದ ಅವರ ಬೀದಿಗೆ ಬೆಳಬೆಳಗ್ಗೆಯೇ ಗುಜರಿ ಮಂಜುನಾಥನ ಲಗೇಜ್ ಆಟೋ ಬಂತು. "ಹಳೇ ಕಬ್ಣಾ, ಹಳೇ ಪಾತ್ರೇ, ಹಳೇ ಬ್ಯಾಟ್ರೀ..." ಎಂದು ಅದರ ಮೈಕು ರಾಗ ಎಳೆಯಿತು. ಬೆಳ್ಳಮ್ಮ ಹೊಸ್ತಿಲಲ್ಲಿ ನಿಂತು, ಕೊಡುವಂಥದ್ದು ಏನಿದೆ ಎಂದು ಕಣ್ಣಾಡಿಸಿದರು. ಜಗಲಿಯ ಮೇಲೆ ಒಂದು ಕರೀ ಪೆಟ್ಟಿಗೆ ಕೂತಿತ್ತು. ನೆತ್ತಿಯ ಮೇಲೆಲ್ಲ ಡಾಂಬರು ಹೊಯ್ದಿತ್ತು. ಡಾಂಬರಿನೊಳಗಿಂದ ಸೀಸದ ದಪ್ಪ ಪಟ್ಟಿಗಳು ಮೂಳೆಗಳ ಹಾಗೆ ಎದ್ದು ಕಾಣುತ್ತಿದ್ದವು. ಒಟ್ಟಿನಲ್ಲಿ ಅದು ಕೆರೆಯಿಂದ ಈಗ ತಾನೇ ಎದ್ದುಬಂದ ಬಡಕಲು ಎಮ್ಮೆಯ ಬೆನ್ನಿನಂತಿತ್ತು.

"ಇದ್ಕೇನ್ ಕೊಟ್ಟೀಯಪ್ಪ?" ಎಂದರು ಬೆಳ್ಳಮ್ಮ.

ಮಂಜುನಾಥ ಪೆಟ್ಟಿಗೆಯನ್ನು ಎತ್ತಿ, ತಟ್ಟಿ, ಮೂಸಿ ನೋಡಿ ಒಂದು ನೀಲಿ ಬಕೆಟ್ಟು ಇಳಿಸಿದ. ಬೆಳ್ಳಮ್ಮ ಬಿಡಲಿಲ್ಲ. ಚೌಕಾಸಿ ಮಾಡಿ ಒಂದು ಮಗ್ಗನ್ನೂ ಗಿಟ್ಟಿಸಿಕೊಂಡರು. ಆಟೋ ರಾಗ ಎಳೆಯುತ್ತ ಮುಂದಕ್ಕೆ ಹೋಯಿತು.

ಸ್ನಾನ ಮುಗಿಸಿ ಟವೆಲ್ಲು ಸುತ್ತಿಕೊಂಡು ಹೊರಗೆ ಬಂದ ಕನಕರಾಜು ಮೇಷ್ಟ್ರು ಜಗಲಿ ನೋಡಿದರು. ಜಗಲಿಯ ಕೆಳಗೆ ನೋಡಿದರು. ಆಮೇಲೆ, ಆಗಬಾರದ್ದು ಆಗಿದೆ ಎಂದು ಗೊತ್ತಾದವರು ಕೇಳುವ ಮೆತ್ತನೆಯ ದನಿಯಲ್ಲಿ, "ಅಮ್ಮಾ, ಇಲ್ಲೊಂದು ಬ್ಯಾಟರಿ ಇಟ್ಟಿದ್ದೆನಲ್ಲ?" ಎಂದರು.

"ಆ ಕರೀ ಡಬ್ಬವಾ? ಕೊಟ್ಬುಟ್ಟೆ ಕಣ್ಲಾ ಮಗಾ. ಎಷ್ಟು ಹಳೇದಾಗಿತ್ತು ಅಂತೀಯಾ! ಕಣ್ಣಲ್ಲಿ ನೋಡಕ್ಕಾಯ್ತಿರ್ಲಿಲ್ಲ."

ಆ ಬ್ಯಾಟರಿ ಹಳೇದಾಗಿರಲಿಲ್ಲ. ಹೊಚ್ಚಹೊಸದು. ಹಳೇದರ ಹಾಗೆ ಕಾಣಲೆಂದೇ ತಿಂಗಳುಗಟ್ಟಲೆ ಕಾದು, ಕೊಯಮತ್ತೂರಿನ ಒಬ್ಬ ಕುಶಲಕರ್ಮಿಯ ಕೈಯಲ್ಲಿ ಮಾಡಿಸಿ ತರಿಸಿದ್ದು.

ಯಾಕೆಂದರೆ, ಮನೆಯ ಮುಂದೆ ನಿಂತಿದ್ದ ಮಾರಿಸ್ ಮೈನರ್ ಕಾರು ಅಂತಿಂಥ ಕಾರಲ್ಲ. ಒಂದು ಕಾಲಕ್ಕೆ ಅದು ಊರಿನ ಡಾಕ್ಟರರದ್ದಾಗಿತ್ತು. ಬೆಳ್ಳಮ್ಮನಿಗೆ ಹೆರಿಗೆ ಕಷ್ಟವಾದಾಗ ಡಾಕ್ಟರು ಅದರಲ್ಲೇ ಹಾಸನದ ಆಸ್ಪತ್ರೆಗೆ ಹೊರಟರು. ಹಾಸನ ಇನ್ನೂ ದೂರ ಇರುವಾಗಲೇ, ಹಿಂದಿನ ಸೀಟಿನಲ್ಲಿ, ಕನಕರಾಜು ಭೂಮಿಗೆ ಬಂದುಬಿಟ್ಟರು. ಡಾಕ್ಟರು ಹೋದ ಮೇಲೆ ಕಾರು ಕೈಯಿಂದ ಕೈಗೆ ದಾಟಿ, ಕೊನೆಗೆ ಸಾಲಗಾಮೆಯ ಒಂದು ಹುಲ್ಲಿನ ಕೊಟ್ಟಿಗೆಯಲ್ಲಿ ಕೋಳಿಗಳ ಪಾಲಾಗಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ಅದನ್ನು ಹುಡುಕಿ ತಂದು, ರಜೆಗಳನ್ನೆಲ್ಲ ಅದರ ಹೊಟ್ಟೆಯ ಕೆಳಗೆ ಕಳೆದು, ಮತ್ತೆ ಮದುವಣಗಿತ್ತಿ ಮಾಡಿದ್ದರು.

ಹಾಸನದಲ್ಲಿ ವರ್ಷಕ್ಕೊಮ್ಮೆ ಹಳೇ ಕಾರುಗಳ ಪ್ರದರ್ಶನ ನಡೆಯುತ್ತದೆ. ಈ ವರ್ಷದ್ದು ಅದೇ ಭಾನುವಾರ. ಕಳೆದ ಸಲ ಮೇಷ್ಟ್ರ ಕಾರಿಗೆ ಮೊದಲ ಬಹುಮಾನದ ಕಪ್ಪು ಒಂದೇ ಒಂದು ಅಂಕದಲ್ಲಿ ತಪ್ಪಿತ್ತು. ಬಾನೆಟ್ಟು ತೆಗೆದ ತೀರ್ಪುಗಾರರಿಗೆ ಅಲ್ಲಿ ಕಂಡದ್ದು ಕೆಂಪು ಮುಚ್ಚಳದ, ಸ್ಟಿಕ್ಕರು ಹಚ್ಚಿದ ಈಗಿನ ಬ್ಯಾಟರಿ. "ಪಂಚೆ, ಶಲ್ಯ, ಪೇಟ ಎಲ್ಲ ಸರಿ. ಕಾಲಿಗೆ ಮಾತ್ರ ಪ್ಲಾಸ್ಟಿಕ್ ಚಪ್ಪಲಿ," ಎಂದು ಅಂಕ ಕಳೆದಿದ್ದರು. ಅದಕ್ಕೇ ಈ ಕೊಯಮತ್ತೂರಿನ ಬ್ಯಾಟರಿ. ಹೊರಗೆ ಆ ಕಾಲದ್ದೇ ಆಕಾರ, ಒಳಗೆ ಈಗಿನ ಪುಟ್ಟ ಬ್ಯಾಟರಿ. ಅದು ಬಂದ ದಿನದಿಂದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ, ತರಕಾರಿಯವಳ ಹತ್ತಿರ ಕೂಡ ಅದರ ಗುಣಗಾನ ಮಾಡಿದ್ದರು. ಅವರಿಗೆ ವಿವರಿಸುವುದೆಂದರೆ ಹೋಳಿಗೆ ಊಟ ಇದ್ದಂತೆ. ಎಲ್ಲರಿಗೂ ವಿವರಿಸಿದ್ದರು, ತಾಯಿಯೊಬ್ಬರನ್ನು ಬಿಟ್ಟು.

"ನಾ ಹೆತ್ತ ಜಾಗಕ್ಕೆ ಕಪ್ಪು ಬರೋದ್ನ ನೋಡ್ಬೇಕು ಕಣ್ಲಾ," ಎಂದು ಬೆಳ್ಳಮ್ಮ ವಾರದಿಂದ ಹೇಳುತ್ತಿದ್ದರು. ಆ ತಾಯಿಗೆ ಈಗ ಏನೆಂದು ಬೈಯುವುದು? ಹೆಂಡತಿ ಯಮುನಾ ಒಳಗಿಂದ ಬಂದು, ಗಂಡನ ಮುಖ, ಅತ್ತೆಯ ಬಕೆಟ್ಟು ಎರಡನ್ನೂ ನೋಡಿ ಒಂದೇ ಉಸಿರಿಗೆ ವಿಷಯ ಅರ್ಥ ಮಾಡಿಕೊಂಡಳು.

"ಅಳೋದು ಆಮೇಲೆ. ಮೊದ್ಲು ಪ್ಯಾಂಟ್ ಹಾಕ್ಕೊಳ್ಳಿ," ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಅಣ್ಣಯ್ಯ ಹಲ್ಲುಜ್ಜುತ್ತ ಬಂದ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಬೀದಿಯಲ್ಲಿ ಯಾರ ಸೈಕಲ್ಲಿನ ಚೈನು ಬಿದ್ದರೂ ಅವನ ಸಲಹೆ ತಪ್ಪುತ್ತಿರಲಿಲ್ಲ.

"ಗುಜರಿಯೋನು ಭಾನುವಾರ ಅರಕಲಗೂಡು ಕಡೀಕೆ ಓಗೋದು ಮೇಷ್ಟ್ರೇ. ನಡೀರಿ, ಇಡ್ದೇಬುಡನ."

"ಹೋಗೋದು ಯಾತರಲ್ಲಿ ಅಣ್ಣಯ್ಯ? ಕೆಂಪು ಮುಚ್ಚಳದ್ದನ್ನ ಆಗಲೇ ಮಾರಿಬಿಟ್ಟೆ, ಕಾರಿಗೆ ಬ್ಯಾಟರಿನೇ ಇಲ್ಲ."

"ನನ್ ಓಮ್ನಿದು ಬಿಚ್ಚಾಕ್ತೀನಿ ತಡೀರಿ. ಮೂವತ್ ವರ್ಸ ಬಸ್ ಓಡ್ಸಿವ್ನಿ, ಇದೇನ್ ಮಹಾ!"

ಓಮ್ನಿಯನ್ನೇ ತೆಗೆದುಕೊಂಡು ಹೋಗಬಹುದಿತ್ತು ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಅಣ್ಣಯ್ಯನ ಬ್ಯಾಟರಿ ಗಿಳಿಹಸಿರು. ಮೇಲೆ ಬಾಯಿ ತೆರೆದ ಹುಲಿಯ ಚಿತ್ರ. ಅದು ಮಾರಿಸ್ಸಿನ ತಟ್ಟೆಯಲ್ಲಿ ಸರಿಯಾಗಿ ಕೂರಲಿಲ್ಲ. ಯಮುನಾ ಹಳೇ ಸೀರೆಯ ಅಂಚು ಹರಿದುಕೊಟ್ಟಳು. ಅಣ್ಣಯ್ಯ ಅದರಲ್ಲೇ ಬ್ಯಾಟರಿಯನ್ನು ಸಂತೆಗೆ ಒಯ್ಯುವ ಹುಂಜದಂತೆ ಬಿಗಿದ. ಕಾರು ಒಂದೇ ಸಲಕ್ಕೆ ಗುರ್ ಎಂದಿತು. ಬೆಳ್ಳಮ್ಮ ಆಗಲೇ ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದರು.

"ನೀವೆಲ್ಲಿಗತ್ತೆ?"

"ಗುಜರಿಯೋನ ಮೊಕ ನೋಡಿರೋಳು ನಾನೊಬ್ಳೇ ಕಣವ್ವ."

ಅದೂ ನಿಜವೇ. ಮನೆಗೆ ಬೀಗ ಬಿತ್ತು, ಯಮುನಾಳೂ ಹತ್ತಿದಳು.

ಅರಕಲಗೂಡಿನ ದಾರಿಯಲ್ಲಿ ಹಳ್ಳಿ ಸಿಕ್ಕಲ್ಲೆಲ್ಲ ಅಣ್ಣಯ್ಯ ತಲೆ ಹೊರಗೆ ಹಾಕಿ ಗುಜರಿ ಆಟೋ ವಿಚಾರಿಸಿದ. ಕೇಳಿದವರೆಲ್ಲ ಆಟೋ ವಿಷಯ ಬಿಟ್ಟು ಕಾರಿನ ವಿಷಯ ಮಾತಾಡಿದರು. ಒಬ್ಬರು ಇದಕ್ಕೆ ಸೀಮೆಎಣ್ಣೆ ಹಾಕುತ್ತಾರೋ ಎಂದು ಕೇಳಿದರು. ಇನ್ನೊಬ್ಬರು ಮಗುವನ್ನು ಬಾನೆಟ್ಟಿನ ಮೇಲೆ ಕೂರಿಸಿ ಫೋಟೋ ತೆಗೆದರು. ಮೇಷ್ಟ್ರು ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಮಗುವಿನ ಚಡ್ಡಿಯ ಮೇಲೆ ಇಟ್ಟು ಬೆವರಿದರು. ಹನ್ನೊಂದರೊಳಗೆ ಹಾಸನದ ಮೈದಾನ ಸೇರದಿದ್ದರೆ ಗೇಟು ಹಾಕಿಬಿಡುತ್ತಿದ್ದರು.

ಅರಕಲಗೂಡಿಗೆ ಬಂದರೆ, ಒಂದು ಕಲ್ಯಾಣ ಮಂಟಪದ ಮುಂದೆ ಜನ. ಕಾರು ನಿಧಾನವಾದದ್ದೇ ತಡ, "ಬಂತು ಬಂತು!" ಎಂದು ಹತ್ತಾರು ಮಂದಿ ಮುತ್ತಿಕೊಂಡರು.

"ಯಾವನ್ಲಾ ಡ್ರೈವರ್ರು? ಇಷ್ಟೊತ್ತಿಗಾ ಬರೋದು? ಗಂಡು ಆಗಿಂದ ಕಾಯ್ತಾವ್ನೆ!" ಎಂದು ಪೇಟ ಕಟ್ಟಿದ್ದ ಒಬ್ಬ ದೊಡ್ಡ ಮನುಷ್ಯ ಗದರಿದ. ಇಬ್ಬರು ಬಾನೆಟ್ಟಿಗೆ ಸೇವಂತಿಗೆ ಹಾರ ಕಟ್ಟತೊಡಗಿದರು.

"ಸ್ವಾಮಿ, ಇದು ಬಾಡಿಗೆ ಕಾರಲ್ಲ, ನಾನು ವಿಜ್ಞಾನದ ಮೇಷ್ಟ್ರು..."

"ಯಾರಾದ್ರೇನು, ಒರ್ಡ್ರೀ!" ಎಂದು ಪೇಟದವನು ಹಿಂದಿನ ಬಾಗಿಲು ತೆಗೆದು ಬೆಳ್ಳಮ್ಮನ ಪಕ್ಕ ಕೂತೇಬಿಟ್ಟ. ಅವನು ಗಂಡಿನ ಸೋದರಮಾವ. ಅವನ ಭಾರಕ್ಕೆ ಮಾರಿಸ್ಸು ಒಂದು ಕಡೆಗೆ ವಾಲಿತು. ಮೇಷ್ಟ್ರು ಕೈಮುಗಿದರು, ಅಣ್ಣಯ್ಯ ಕೂಗಾಡಿದ, ಯಮುನಾ ಬುದ್ಧಿ ಹೇಳಿದಳು. ಮಾವ ಮಿಸುಕಲಿಲ್ಲ.

ಬೆಳ್ಳಮ್ಮನಿಗೆ ಮಾತ್ರ ಜೊತೆ ಸಿಕ್ಕಿದ್ದು ಬಲು ಸಂತೋಷವಾಗಿತ್ತು. "ಸರ್ಯಾಗಿ ಒರಗ್ಕಳಪ್ಪ," ಎಂದರು ಅಕ್ಕರೆಯಿಂದ. "ಇದೇ ಸೀಟ್ನಾಗೆ, ನೀ ಕುಂತಿದ್ದೀಯಲ್ಲ ಅದೇ ಜಾಗ್ದಾಗೇ ನನ್ ಮಗನ್ನ ಹೆತ್ತಿದ್ದು."

ಸೋದರಮಾವ ಕೆಂಡದ ಮೇಲೆ ಕೂತವನಂತೆ ಎದ್ದ. ಪೇಟ ಚಾವಣಿಗೆ ಬಡಿದು ಓರೆಯಾಯಿತು. ಕೆಳಗಿಳಿದವನು ತಿರುಗಿ ನೋಡದೆ ಮಂಟಪದ ನಲ್ಲಿಯ ಕಡೆ ನಡೆದ. ಮೇಷ್ಟ್ರು ಹಾರದ ಸಮೇತ ಕಾರು ಓಡಿಸಿದರು.

ಊರಾಚೆಯ ಟೀ ಅಂಗಡಿಯ ಮುಂದೆ ಗುಜರಿ ಆಟೋ ಕಂಡಿತು. ಮಂಜುನಾಥ ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದ. ಬೆಳ್ಳಮ್ಮನನ್ನು ನೋಡಿದ್ದೇ, "ಬಕೆಟ್ಟು ತೂತಾ ಅಜ್ಜಿ?" ಎಂದ.

"ಬಕೆಟ್ಟು ಚೆನ್ನಾಗದೆ ಕಣಪ್ಪ. ಆ ಡಬ್ಬ ಎಲ್ಲಿ?"

"ಅದಾ? ಮಾರಾಯ್ತಲ್ಲ. ಇಂಥದ್ದೇ ಕಾರ್ನಾಗೆ ಒಬ್ರು ಸಾಹುಕಾರ್ರು ಬಂದಿದ್ರು. ರುದ್ರಪಟ್ಟಣದಾಗೆ ನೆಂಟ್ರ ಮನೇಲಿ ಉಳ್ಕಂಡಿದ್ರಂತೆ. ಟೀಗೆ ನಿಲ್ಸಿದೋರು ಆಟೋ ನೋಡಿ, 'ಅಯ್ಯೋ ಅಸಲಿ ಮಾಲು!' ಅಂತ ಮಗೀನ ಎತ್ಕಂಡಂಗೆ ಎತ್ಕಂಡು ಓದ್ರು. ಹಾಸನಕ್ಕೇ ಓಯ್ತಾವ್ರೆ."

"ಕಾರು ಕೆನೆ ಬಣ್ಣಾನಾ?" ಎಂದರು ಮೇಷ್ಟ್ರು.

"ಊಂ ಸಾ. ಬೆಣ್ಣೆ ಇದ್ದಂಗದೆ."

ಜಿಲ್ಲೆಯಲ್ಲಿ ಕೆನೆ ಬಣ್ಣದ ಮಾರಿಸ್ಸು ಒಂದೇ ಇತ್ತು. ಅದು ಚನ್ನರಾಯಪಟ್ಟಣದ ಛತ್ರದ ಮಾಲೀಕ ಸುದರ್ಶನನದು. ಕಳೆದ ವರ್ಷ ಕಪ್ಪು ಗೆದ್ದದ್ದೂ ಅವನೇ.

ಅರಕಲಗೂಡಿನಿಂದ ಹಾಸನದವರೆಗೆ ಮೇಷ್ಟ್ರು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಅಣ್ಣಯ್ಯ ಗೇರು ಯಾವಾಗ ಬದಲಿಸಬೇಕೆಂದು ಹೇಳುತ್ತಲೇ ಇದ್ದ. ಗೇಟು ಹಾಕುವ ಹೊತ್ತಿಗೆ ಸರಿಯಾಗಿ ಕಾರು ಮೈದಾನದೊಳಗೆ ನುಗ್ಗಿತು. ಸೇವಂತಿಗೆ ಹಾರ ಕಂಡು ಕಾವಲಿನವನು ಯಾರೋ ಅತಿಥಿಗಳೆಂದು ಸೆಲ್ಯೂಟ್ ಹೊಡೆದ.

ಸುದರ್ಶನನ ಕಾರು ಸಾಲಿನ ಮೊದಲಲ್ಲೇ ಇತ್ತು. ಬಾನೆಟ್ಟು ತೆರೆದಿತ್ತು. ಒಳಗೆ, ತನ್ನದೇ ಮನೆ ಎನ್ನುವ ಹಾಗೆ, ಮೇಷ್ಟ್ರ ಕರೀ ಬ್ಯಾಟರಿ ಹಾಯಾಗಿ ಕೂತಿತ್ತು.

"ಸುದರ್ಶನ್ ಅವ್ರೇ, ಅದು ನಂದು."

"ಯಾವ್ದು?"

"ಆ ಬ್ಯಾಟರಿ. ನಮ್ಮಮ್ಮ ಗೊತ್ತಿಲ್ದೆ ಗುಜರಿಗೆ ಹಾಕಿಬಿಟ್ರು. ನೀವು ಕೊಟ್ಟಿದ್ದಕ್ಕೆ ಎರಡರಷ್ಟು ಕೊಡ್ತೀನಿ, ದಯವಿಟ್ಟು..."

ಸುದರ್ಶನ ಕೆಟ್ಟವನಲ್ಲ. ಆದರೆ ಸುತ್ತ ಜನ ಸೇರಿದ್ದರು. ಅವರಿಗೆಲ್ಲ ಆಗಲೇ ಅವನು ಒಂದು ಕತೆ ಹೇಳಿಯಾಗಿತ್ತು. "ಏನ್ ಮೇಷ್ಟ್ರೇ ತಮಾಸೆ ಮಾಡ್ತೀರಾ?" ಎಂದು ನಕ್ಕ. "ಇದು ನಮ್ ತಾತ ಹಾಕ್ಸಿದ್ದು. ಅವತ್ತಿಂದ ಬಿಚ್ಚೇ ಇಲ್ಲ."

ಅಷ್ಟರಲ್ಲಿ ತೀರ್ಪುಗಾರರು ಬಂದರು. ಮೈಸೂರಿನ ಸ್ನೇಹಲತಾ. ಎಂಜಿನಿಯರಾಗಿದ್ದವರು, ಬಿಗಿ ಮುಖದವರು. ಒಂದು ಕೈಯಲ್ಲಿ ಪುಟ್ಟ ಟಾರ್ಚು, ಇನ್ನೊಂದರಲ್ಲಿ ಅಂಕದ ಹಾಳೆ. ಎರಡು ಮಾರಿಸ್ಸುಗಳನ್ನೂ ಅವರು ಅಕ್ಕಸಾಲಿಗರು ಚಿನ್ನ ನೋಡುವ ಹಾಗೆ ನೋಡಿದರು. ಬಣ್ಣ, ಸೀಟು, ವೈಪರು, ಚಕ್ರದ ತಟ್ಟೆ, ಎಲ್ಲದರಲ್ಲೂ ಎರಡೂ ಸರಿಸಮ. ಉಳಿದ ಕಾರುಗಳು ಬಹಳ ಹಿಂದೆ ಬಿದ್ದಿದ್ದವು. ಮೇಷ್ಟ್ರ ಬಾನೆಟ್ಟಿನೊಳಗೆ ಸೀರೆಯಂಚಿನಲ್ಲಿ ಕಟ್ಟಿಸಿಕೊಂಡ ಹಸಿರು ಹುಲಿಯನ್ನು ಕಂಡು ಅವರ ಹುಬ್ಬು ಮೇಲೇರಿತು. ಅಂಕ ಕಳೆದರು. ಆಮೇಲೆ ಸುದರ್ಶನನ ಬಾನೆಟ್ಟಿಗೆ ಬಗ್ಗಿದರು.

ಬಹಳ ಹೊತ್ತು ಬಗ್ಗೇ ಇದ್ದರು.

"ಈ ಬ್ಯಾಟರಿ ಆ ಕಾಲದ್ದೇನಾ?"

"ಹೂಂ ಮೇಡಂ. ನಮ್ ತಾತಂದು."

"ಅಸಲಿ? ಸರಿಯಾಗಿ ಯೋಚನೆ ಮಾಡಿ ಹೇಳಿ."

"ನಮ್ಮನೆ ದೇವ್ರಾಣೆಗೂ ಮೇಡಂ!"

ಸ್ನೇಹಲತಾ ನಿಟ್ಟುಸಿರು ಬಿಟ್ಟು, ಹಾಳೆಯ ಮೇಲೆ ಪೆನ್ನು ಊರಿದರು. ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಕಣ್ಣೆದುರೇ ಸುಳ್ಳು ಗೆಲ್ಲುತ್ತಿದೆ, ಅದೂ ತಮ್ಮದೇ ಬ್ಯಾಟರಿಯ ಹೆಗಲೇರಿ!

"ನಿಲ್ಲಿಸಿ ಮೇಡಂ! ಅದು ಹಳೇದಲ್ಲ, ಹೊಸದು! ನನ್ನದು!"

ಜನ ಒತ್ತರಿಸಿಕೊಂಡು ಬಂದರು. ಯಮುನಾ ಗಂಡನ ಅಂಗಿ ಎಳೆದಳು. ಮೇಷ್ಟ್ರಿಗೆ ಎದುರಿಗೆ ಕಂಡದ್ದು ಜನವಲ್ಲ, ತುಂಬಿದ ತರಗತಿ. ಅವರು ಪಾಠ ಶುರುಮಾಡಿಯೇಬಿಟ್ಟರು.

"ನೋಡಿ, ಆ ಕಾಲದ ಬ್ಯಾಟರಿಗೆ ಗಟ್ಟಿ ರಬ್ಬರಿನ ಡಬ್ಬ ಇರ್ತಿತ್ತು. ಈಗಿನ ಹಾಗೆ ಪ್ಲಾಸ್ಟಿಕ್ಕಲ್ಲ. ಇದರಲ್ಲೂ ಗಟ್ಟಿ ರಬ್ಬರೇ ಇದೆ, ಮುಟ್ಟಿ ನೋಡಿ. ಒಳಗಿನ ಸೆಲ್ಲುಗಳನ್ನು ಜೋಡಿಸೋ ಸೀಸದ ಪಟ್ಟಿ ಆಗ ಹೊರಗೇ ಕಾಣೋದು. ಇಲ್ಲೂ ಕಾಣುತ್ತೆ. ಸಂದಿಗೆ ಡಾಂಬರು ಹೊಯ್ಯೋರು. ಇದಕ್ಕೂ ಹೊಯ್ದಿದೆ. ಉದ್ದ, ಅಗಲ, ಮುಚ್ಚಳದ ತಿರುಪು, ಯಾವುದರಲ್ಲೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಆದರೆ ಇದು ಬರೀ ಅಂಗಿ ಮೇಡಂ! ಒಳಗಿರೋ ಮೈ ಬೇರೆ!"

ಎಂದವರೇ ಎರಡು ತಿರುಪು ಸಡಿಲಿಸಿ, ಡಾಂಬರಿನ ನೆತ್ತಿಯನ್ನು ಟೋಪಿಯಂತೆ ಎತ್ತಿದರು. ಒಳಗೆ ಪುಟ್ಟ, ಬಿಳಿ, ಈಗಿನ ಕಾಲದ ಬ್ಯಾಟರಿ ಕೂತಿತ್ತು. ಜನ 'ಓ' ಎಂದು ಕೂಗಿದರು. ಸುದರ್ಶನನ ಮುಖ ಬಿಳಚಿಕೊಂಡಿತು. ಗುಜರಿಯಿಂದ ಎತ್ತಿದ ಮೇಲೆ ಅವನೂ ಅದರ ಒಳಗನ್ನು ನೋಡಿರಲಿಲ್ಲ.

ಸ್ನೇಹಲತಾ ಟಾರ್ಚಿನ ಬೆಳಕು ಬಿಟ್ಟು ಒಳಗೆ ನೋಡಿದರು. ರಬ್ಬರು ಮುಟ್ಟಿದರು. ಪಟ್ಟಿಗಳನ್ನು ಎಣಿಸಿದರು. ಮೊದಲ ಸಲ ಅವರ ಮುಖದಲ್ಲಿ ನಗು ಕಾಣಿಸಿತು.

"ಅಬ್ಬಾ! ಇಷ್ಟು ಕರಾರುವಾಕ್ಕಾದ ನಕಲು ನಾನು ನೋಡೇ ಇಲ್ಲ. ಮೇಷ್ಟ್ರೇ, ನೀವು ಹೇಳದೇ ಇದ್ದಿದ್ರೆ ದೊಡ್ಡ ಅನ್ಯಾಯ ಆಗೋಗ್ತಿತ್ತು."

"ಅದೇ ಮೇಡಂ, ಅದೇ!" ಎಂದರು ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ.

"ಅಸಲಿ ಹಳೇ ಬ್ಯಾಟರಿ ಇಟ್ಕೊಂಡ ಕಾರನ್ನ ಸ್ಪರ್ಧೆಯಿಂದಲೇ ಹೊರಗೆ ಹಾಕಬೇಕು ಅಂತ ಈ ವರ್ಷ ನಿಯಮ ಬಂದಿದೆ. ಡಬ್ಬ ಒಡೆದು ಆಸಿಡ್ ಸೋರುತ್ತೆ, ಜನಕ್ಕೆ ಅಪಾಯ. ಇವರ ಕಾರಿಗೆ ಈಗ ತಾನೇ ಅಡ್ಡಗೆರೆ ಎಳೀತಿದ್ದೆ. ಅಷ್ಟರಲ್ಲಿ ನೀವು ಕೂಗಿದ್ರಿ. ನಕಲಾದರೆ ಏನೂ ತೊಂದರೆ ಇಲ್ಲ. ಆ ಕಾಲದ ಮಾದರಿಗೆ ಸರಿಯಾಗಿದ್ದರೆ ಪೂರ್ತಿ ಅಂಕ."

ಮೇಷ್ಟ್ರು ಇನ್ನೂ ಬ್ಯಾಟರಿಯ ಟೋಪಿಯನ್ನು ಕೈಯಲ್ಲಿ ಹಿಡಿದೇ ಇದ್ದರು.

"ಅಂದ್ರೆ... ನಾನು ಸುಮ್ಮನಿದ್ದಿದ್ರೆ?"

"ನೀವೇ ಮೊದಲು. ಆ ಹುಲಿಗೆ ಅಂಕ ಕಳೆದ ಮೇಲೂ ನೀವೇ."

"ಆದ್ರೆ ಮೇಡಂ, ಬ್ಯಾಟರಿ ನಂದು!"

"ಇವರು ಕದ್ದರಾ?"

ಬೆಳ್ಳಮ್ಮ ಜನರ ನಡುವೆ ತೂರಿ ಮುಂದೆ ಬಂದರು. ನ್ಯಾಯದ ಮಾತು ಬಂದಾಗ ಅವರು ಹಿಂದೆ ನಿಲ್ಲುವವರಲ್ಲ.

"ಕಳ್ತನ ಗಿಳ್ತನ ಏನಿಲ್ಲ ಕಣವ್ವ. ನಾನೇ ನನ್ ಕೈಯಾರೆ ಕೊಟ್ಟೆ. ಬಕೆಟ್ಟು ಇಸ್ಕಂಡೆ. ಗುಜರಿಯೋನು ಇವಪ್ಪನಿಗೆ ಮಾರ್ದ. ಎಲ್ಲ ಸರ್ಯಾಗೇ ನಡ್ದದೆ."

"ಹಾಗಾದ್ರೆ ಮುಗೀತು," ಎಂದರು ಸ್ನೇಹಲತಾ. "ಯಾವ ಕಾರಲ್ಲಿ ಏನಿದೆ ಅಂತ ನೋಡೋದಷ್ಟೇ ನನ್ನ ಕೆಲಸ. ತಾತನ ಕತೆಗೆ ಅಂಕ ಕಳೆಯೋ ಅಧಿಕಾರ ನನಗಿಲ್ಲ."

ಸುದರ್ಶನನಿಗೆ ಕಪ್ಪು ಬಂತು. ಕಪ್ಪು ಹಿಡಿದು ವೇದಿಕೆ ಇಳಿದವನು ನೇರ ಮೇಷ್ಟ್ರ ಹತ್ತಿರ ಬಂದು, ಎಲ್ಲರೆದುರು ತಬ್ಬಿಕೊಂಡ. "ತಾತನ ಕತೆ ಸುಳ್ಳು ಮೇಷ್ಟ್ರೇ, ತಪ್ಪಾಯ್ತು. ನೀವು ಬಾಯಿ ಬುಟ್ಟಿಲ್ದಿದ್ರೆ ಇವತ್ತು ನಾನು ಮನೆಗೆ," ಎಂದು ಕಣ್ಣೀರು ಹಾಕಿದ. ಅದು ನಿಜವಾದ ಕಣ್ಣೀರೇ ಆಗಿತ್ತು. ಬ್ಯಾಟರಿಯನ್ನು ಅಲ್ಲೇ ಬಿಚ್ಚಿಕೊಡಲು ಸ್ಪ್ಯಾನರನ್ನೂ ತರಿಸಿದ. ಸ್ನೇಹಲತಾ ತಡೆದರು. ಗೆದ್ದ ಕಾರು ಮುಂದಿನ ಸುತ್ತಿನ ಸ್ಪರ್ಧೆಗೆ ಮೈಸೂರಿಗೆ ಹೋಗಬೇಕು. ಅಲ್ಲಿಯವರೆಗೆ ಅದರ ಒಂದು ನಟ್ಟೂ ಬದಲಾಗಕೂಡದು.

ಬೆಳ್ಳಮ್ಮನ ಮುಖ ಈಗ ಮಂಕಾಗಿತ್ತು. "ನಾ ಕೆಡ್ಸುಬುಟ್ನೇನ್ಲಾ ಮಗಾ?" ಎಂದು ಮೆಲ್ಲಗೆ ಕೇಳಿದರು.

ಮೇಷ್ಟ್ರು ತಾಯಿಯ ಸೆರಗು ಸರಿಮಾಡಿದರು. "ನೀನಲ್ಲ ಅಮ್ಮ. ನನ್ನ ಬಾಯಿ."

"ಅದೂ ನಿಜವೇ ಅನ್ನು," ಎಂದರು ಬೆಳ್ಳಮ್ಮ, ಸ್ವಲ್ಪ ಸಮಾಧಾನವಾಗಿ. ಯಮುನಾ ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

ಹೊರಡುವ ಹೊತ್ತಾಯಿತು. ಮೇಷ್ಟ್ರು ಕೀ ತಿರುಗಿಸಿದರು. ಕಾರು ಕೆಮ್ಮಲೂ ಇಲ್ಲ. ಇಷ್ಟು ಹೊತ್ತೂ ಅಣ್ಣಯ್ಯ ಸೆಲ್ಫಿ ತೆಗೆಯುವವರಿಗೆ ಕಳೆ ಬರಲೆಂದು ಹೆಡ್‌ಲೈಟು ಉರಿಸಿಟ್ಟು, ಮಕ್ಕಳು ಕೇಳಿದಾಗಲೆಲ್ಲ ಹಾರ್ನು ಹೊಡೆದು ತೋರಿಸಿದ್ದ. ಹಸಿರು ಹುಲಿ ಪೂರ್ತಿ ಮಲಗಿತ್ತು.

"ತಳ್ರಪ್ಪಾ!" ಎಂದು ಅಣ್ಣಯ್ಯ ಅಂಗಿಯ ತೋಳು ಏರಿಸುತ್ತಿದ್ದಾಗ, ಕೆನೆ ಬಣ್ಣದ ಮಾರಿಸ್ಸು ಪಕ್ಕದಲ್ಲಿ ಬಂದು ನಿಂತಿತು. ಸುದರ್ಶನ ಇಳಿದು, ಬಾನೆಟ್ಟು ತೆರೆದು, ಎರಡು ದಪ್ಪ ವೈರು ತಂದ. ಕರೀ ಪೆಟ್ಟಿಗೆಗೆ ಒಂದು ತುದಿ, ಹುಲಿಗೆ ಇನ್ನೊಂದು ತುದಿ ಸಿಕ್ಕಿಸಿದ. ಮೇಷ್ಟ್ರ ಕಾರು ಗುರ್ ಎಂದು ಎದ್ದಿತು.

"ಯಾವಾಗ ಬೇಕಾದ್ರೂ ಕೇಳಿ ಮೇಷ್ಟ್ರೇ, ಸಂಕೋಚ ಬ್ಯಾಡ," ಎಂದ ಸುದರ್ಶನ, ವೈರು ಸುತ್ತಿಕೊಳ್ಳುತ್ತ. "ನಮ್ ಬ್ಯಾಟ್ರಿ ಅಂದ್ರೆ ನಿಮ್ ಬ್ಯಾಟ್ರಿ ಇದ್ದಂಗೆ."

ಮೇಷ್ಟ್ರಿಗೆ ವಿವರಿಸಲು ಬೇಕಾದಷ್ಟಿತ್ತು. ಯಮುನಾಳ ಕೈ ಹಿಂದಿನ ಸೀಟಿನಿಂದ ಬಂದು ಅವರ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಥ್ಯಾಂಕ್ಸ್," ಎಂದರು ಕನಕರಾಜು ಮೇಷ್ಟ್ರು.